ಇಟಗಿಯಲ್ಲಿ ಹಿಡಿಯದ ಬ್ರೇಕು

ಕೊರಿಯರಿನವನು ಕೊಟ್ಟ ಪೊಟ್ಟಣ ಬಿಚ್ಚಿದೊಡನೆ ಹೊಸ ರಬ್ಬರಿನ ವಾಸನೆ ಕೊಪ್ಪಳದ ನಮ್ಮ ಪಡಸಾಲೆಯ ತುಂಬ ಹರಡಿತು. ನನ್ನ ಹಳೆಯ ರೇಸ್ ಸೈಕಲ್ಲಿಗೆ ತರಿಸಿದ ಬ್ರೇಕ್ ಲಿವರ್ ಜೋಡಿ. ಹೆಂಡತಿ ಗಿರಿಜಾ ಒಂದನ್ನು ಎತ್ತಿ ಹಿಂಡಿ ನೋಡಿ, "ಇವಾದ್ರೂ ಹಿಡೀತಾವೇನ್ರಿ?" ಎಂದಳು. ಮದುವೆಯಾದಾಗಿನಿಂದ ಕೇಳುತ್ತ ಬಂದ ಪ್ರಶ್ನೆ ಇದು. ಅದರ ಹಿನ್ನೆಲೆಯನ್ನು ನಿಮಗೂ ಹೇಳಿಬಿಡುತ್ತೇನೆ.

ಆಗ ನಾನು ಯಲಬುರ್ಗಾದಲ್ಲಿ ಹೊಸ ಮಾಸ್ತರ. ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ ಈ ಸೈಕಲ್ಲು ಕೊಂಡ ಮೇಲೆ ನನಗೆ ನೆಲ ಕಾಣುತ್ತಿರಲಿಲ್ಲ. ಇಟಗಿಗೆ ಹೆಣ್ಣು ನೋಡಲು ಹೋಗುವ ಮಾತು ಬಂದಾಗ ಸೈಕಲ್ಲಿನ ಮೇಲೆಯೇ ಬರುತ್ತೇನೆಂದು ಹಟ ಹಿಡಿದೆ. ದೊಡ್ಡಪ್ಪ ಒಂದೇ ಷರತ್ತು ಹಾಕಿದ: "ಬರೂದಾದ್ರ ನೆಟ್ಟಗ ಕುಂತು ಬಾ. ಹಂಗ ಬಗ್ಗಿ ಬಂದ್ರ ಹುಡುಗನ ಸೊಂಟ ಹಿಡದೈತಿ ಅಂತಾರ."

ನೇರ ಹ್ಯಾಂಡಲ್ ಹಾಕಿಸಿದೆ. ಅದಕ್ಕೆ ಹಳೆಯ ಲಿವರು ಕೂರಲಿಲ್ಲ. ಗೇರ್ ಸೈಕಲ್ಲಿನ ಹೊಳೆಯುವ ಲಿವರು ಹಾಕಿದೆ. ಚಕ್ರದ ಅಂಚನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರು ಮಾತ್ರ ಹಳೆಯದೇ. ಅಂಗಳದಲ್ಲಿ ಹಿಂಡಿ ನೋಡಿದರೆ ಕೈಗೆ ಗಟ್ಟಿಯಾಗಿ ಸಿಕ್ಕಿತು. ಗಟ್ಟಿ ಇದ್ದದ್ದೆಲ್ಲ ಹಿಡಿಯುತ್ತದೆಂದು ನಂಬುವ ವಯಸ್ಸು ಅದು. ಹೊಸ ಲಿವರು ತಂತಿಯನ್ನು ಉದ್ದಕ್ಕೆ ಎಳೆಯುತ್ತದೆ, ಬಲ ಕಡಿಮೆ. ಹಳೆಯ ಕ್ಯಾಲಿಪರಿಗೆ ಬೇಕಾದದ್ದು ಗಿಡ್ಡ ಎಳೆತ, ಜಾಸ್ತಿ ಬಲ. ಇದು ನನಗೆ ತಿಳಿದದ್ದು ಇಟಗಿಯ ಇಳಿಜಾರಿನಲ್ಲಿ.

ಬಸ್ಸಿನಲ್ಲಿ ಮೊದಲೇ ಹೋಗಿದ್ದ ನಮ್ಮ ಹಿರಿಯರೂ ಹುಡುಗಿಯ ಕಡೆಯವರೂ ಬಾಗಿಲ ಮುಂದೆ ನಿಂತಿದ್ದರು. ಎರಡೂ ಲಿವರು ಹಿಂಡಿದೆ. ಸೈಕಲ್ಲು ಅವರೆಲ್ಲರ ಎದುರಿಗೇ ದಾಟಿ ಮಹಾದೇವನ ಗುಡಿಯ ಕಡೆ ಹೊರಟೇಹೋಯಿತು. ನಾನು ಮಾತ್ರ ನೆಟ್ಟಗೇ ಕೂತಿದ್ದೆ. ಈ ಸಂಬಂಧ ಕೈತಪ್ಪಿತು ಅಂದುಕೊಂಡೆ.

ಇಳಿಜಾರು ಮುಗಿದಲ್ಲಿ ತಾನೇ ನಿಂತ ಸೈಕಲ್ಲು ತಳ್ಳಿಕೊಂಡು ಮರಳಿದಾಗ ಒಳಗೆ ದೊಡ್ಡಪ್ಪ ಹೇಳುತ್ತಿದ್ದ: "ನಮ್ಮ ಹುಡುಗ ಭಾಳ ಭಕ್ತ ಅದಾನ್ರಿ. ಮೊದಲ ದೇವರ ದರ್ಶನ, ಆಮ್ಯಾಲ ಉಳಿದದ್ದು."

ಹುಡುಗಿಯ ತಂದೆ ನನ್ನತ್ತ ತಿರುಗಿ, "ದರ್ಶನ ಛಲೋ ಆತೇನ್ರಿ?" ಎಂದರು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಂದ ಬಂದದ್ದೇ ಬೇರೆ: "ಗುಡಿ ಒಳಗ ಹೋಗಿಲ್ರಿ. ಬ್ರೇಕ್ ಹಿಡೀಲಿಲ್ರಿ."

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ಒಳಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆದರೂ ವಾರದೊಳಗೆ ಒಪ್ಪಿಗೆ ಬಂತು. ತನ್ನ ಭಕ್ತಿಯ ಮಾತೇ ಕೆಲಸ ಮಾಡಿತೆಂದು ದೊಡ್ಡಪ್ಪ ಇಂದಿಗೂ ಮೀಸೆ ತಿರುವುತ್ತಾನೆ.

ಇವತ್ತು ಲಿವರಿನ ನಟ್ಟು ಬಿಗಿಯಲು ಪಾನಾ ಹಿಡಿದು ಕೂತವನು ಗಿರಿಜಾಳಿಗೆ ಹೇಳಿದೆ: "ಈ ಸಲ ಹಳೇ ಕ್ಯಾಲಿಪರಿಗೆ ಹೊಂದೂ ಲಿವರ್ ತರಿಸೀನಿ. ಅವತ್ತ ಇವು ಇದ್ದಿದ್ರ ಮರ್ಯಾದಿಯಿಂದ ನಿಮ್ಮ ಬಾಗಲ ಮುಂದ ನಿಲ್ತಿದ್ನಿ."

"ನಿಂತಿದ್ರ ಚಹಾ ಕುಡಿಸಿ ಕಳಸ್ತಿದ್ವಿ" ಎಂದಳು ಅವಳು. "ಆ ಸೈಕಲ್ ಧಿಮಾಕಿನ ಮಾಸ್ತರ ನನಗ ಬ್ಯಾಡ ಅಂತ ಮುಂಜಾನೇನ ಅವ್ವಗ ಹೇಳಿದ್ನಿ. ಬ್ರೇಕ್ ಹಿಡೀಲಿಲ್ಲ ಅಂತ ಎಲ್ಲಾರ ಮುಂದ ಖರೇ ಹೇಳಿದ್ರಲ್ಲ, ಬಾಗಲ ಹಿಂದ ನಕ್ಕಾಕಿ ನಾನ. ಅಲ್ಲೇ ಅವ್ವಗ ಹೂಂ ಅಂದ್ನಿ."

ಪಾನಾ ಕೆಳಗಿಟ್ಟೆ. ಇಷ್ಟು ವರ್ಷ ಆ ತಪ್ಪು ಲಿವರುಗಳನ್ನು ನಾನು ಬೈಯದ ದಿನವಿಲ್ಲ. ಖುಷಿಯಾಯಿತು, ಸುಳ್ಳೇಕೆ, ತುಸು ಹೆದರಿಕೆಯೂ ಆಯಿತು. ಅವತ್ತು ಸರಿಯಾದ ಜೋಡಿ ಸಿಕ್ಕಿದ್ದರೆ, ಚೆನ್ನಾಗಿ ನಿಲ್ಲುವ ಸೈಕಲ್ಲೊಂದನ್ನು ಇಟ್ಟುಕೊಂಡು ನಾನು ಇವಳಿಲ್ಲದ ಮನೆಯಲ್ಲಿ ಇರುತ್ತಿದ್ದೆ.