ಸುವರ್ಣಾ ಕೇಳುವ ಒಂದೇ ಪ್ರಶ್ನೆ

ಬೆಳಗಿನ ಐದೂವರೆ. ತೊರವಿಯ ಈ ಓಣಿಯಲ್ಲಿ ಹಾಲಿನವನ ಬೈಕು ಬಿಟ್ಟರೆ ಬೇರೆ ಸದ್ದಿಲ್ಲ. ಮದುವೆ ವಿಡಿಯೊಗಳ ಎಡಿಟರ್ ಸುವರ್ಣಾ ಕಿವಿಯ ಜುಮುಕಿ ಬಿಚ್ಚಿ ಕಿಟಕಿಯ ಮೇಲಿಟ್ಟು, ಹೆಡ್‌ಫೋನ್ ಏರಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪಕ್ಕದ ಹಿಟ್ಟಿನ ಗಿರಣಿ ಎಂಟಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಕಿವಿಯ ಕೆಲಸ ಮುಗಿಯಬೇಕು, ಕಣ್ಣಿನ ಕೆಲಸ ಯಾವಾಗಲಾದರೂ ಆದೀತು ಎನ್ನುವುದು ಅವರ ಪದ್ಧತಿ.

ಬಾಗಿಲಲ್ಲಿ ಬಬಲೇಶ್ವರದ ವಿಡಿಯೊಗ್ರಾಫರ್ ರಿಜ್ವಾನ ಹಾರ್ಡ್‌ಡಿಸ್ಕ್ ಹಿಡಿದು, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾರೆ. ಮದುವೆಯ ವಿಡಿಯೊ ಎಡಿಟ್ ಮಾಡಲು ಕೂತರೆ ಚಿತ್ರ ಓಡುತ್ತದೆ, ಧ್ವನಿ ಮಾತ್ರ ತಡವರಿಸುತ್ತದೆ.

"ಸಾಫ್ಟ್‌ವೇರ್ ತಗದ ಮತ್ತ ಹಾಕೀನ್ರಿ ಅಕ್ಕಾರ. ಕಂಪ್ಯೂಟರ್ ಬಂದ್ ಮಾಡಿ ಮಾಡಿ ಸಾಕಾತು. ಮದುವಿ ಮನ್ಯಾವ್ರು ದಿನಾ ಫೋನ್ ಮಾಡಾಕತ್ತಾರ್ರಿ."

ಸುವರ್ಣಾ ಡಿಸ್ಕ್ ಮುಟ್ಟುವುದಿಲ್ಲ. ಮೊದಲು ಪ್ರಶ್ನೆ. "ಎರಡ ಸಲ ಹಚ್ಚಿ ನೋಡಿದೇನು? ಅದ ಜಾಗಾದಾಗ ಕುಂಟತೈತೋ, ಬ್ಯಾರೆ ಬ್ಯಾರೆ ಕಡೆ ಕುಂಟತೈತೋ?"

"ಬ್ಯಾರೆ ಬ್ಯಾರೆ ಕಡೆರಿ."

"ಹಂಗಾರ ನಿನ್ನ ರೆಕಾರ್ಡಿಂಗ್ ಚಲೋ ಐತಿ. ದಮ್ಮ ಹತ್ತಿದ್ದು ಮಷೀನಿಗೆ. ಚಾ ಕುಡಿ, ಕುಂದರ."

ಅವರ ವಿದ್ಯೆಯೆಲ್ಲ ಈ ಪ್ರಶ್ನೆಯಲ್ಲೇ ಇದೆ. ಪ್ರತಿ ಸಲವೂ ಅದೇ ಜಾಗದಲ್ಲಿ ತಡವರಿಸಿದರೆ ಧ್ವನಿ ದಾಖಲಾಗುವಾಗಲೇ ಹರಿದಿದೆ ಎಂದರ್ಥ. ಅದಕ್ಕೆ ಯಾರ ಬಳಿಯೂ ಮದ್ದಿಲ್ಲ. ಜಾಗ ಬದಲಿಸಿ ತಡವರಿಸಿದರೆ ಧ್ವನಿ ಇಡಿಯಾಗಿದೆ, ಅದನ್ನು ಓದುವ ಯಂತ್ರಕ್ಕೆ ಭಾರ ಹೆಚ್ಚಾಗಿದೆ. ರಿಜ್ವಾನ ಮೊಬೈಲಿನಲ್ಲಿ ಹಿಡಿದ ದೃಶ್ಯಗಳನ್ನು ಕ್ಯಾಮೆರಾದವುಗಳ ಜೊತೆ ಹಾಗೇ ಬೆರೆಸಿದ್ದಾರೆ. ಸುವರ್ಣಾ ಮೊಬೈಲಿನ ಧ್ವನಿಯನ್ನು ಬಿಚ್ಚಿ, ಕ್ಯಾಮೆರಾದ ಧ್ವನಿಯ ಅಳತೆಗೇ ತಂದು, ಫೈಲುಗಳನ್ನು ನಿಧಾನದ ಹಳೆಯ ಡಿಸ್ಕಿನಿಂದ ತಮ್ಮ ಚುರುಕಿನ ಡಿಸ್ಕಿಗೆ ಸಾಗಿಸುತ್ತಾರೆ. ಗುಡ್ಡೆಬಿದ್ದ ತಾತ್ಕಾಲಿಕ ಫೈಲುಗಳನ್ನು ಗುಡಿಸಿಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಮದುಮಗಳ ಅಜ್ಜ ತಡವರಿಸದೆ ಆಶೀರ್ವಾದ ಮಾಡುತ್ತಾನೆ.

ವಿಜಯಪುರ, ತಿಕೋಟಾ, ಬಬಲೇಶ್ವರದ ಸ್ಟುಡಿಯೊಗಳಿಂದ ದಿನಕ್ಕೆ ಐದಾರು ಕರೆ, ಮದುವೆಯ ತಿಂಗಳಲ್ಲಿ ಹದಿನೈದು. ಹದಿನಾರು ವರ್ಷದಲ್ಲಿ ಕೈದಾಟಿದ ಮದುವೆಗಳು ಒಂಬೈನೂರಕ್ಕೂ ಹೆಚ್ಚು. ಒಂದರ ಕೊನೆಯಲ್ಲೂ ಅವರ ಹೆಸರಿಲ್ಲ. ನಗರದ ಸ್ಟುಡಿಯೊ ಒಂದಕ್ಕೆ ಆಲ್ಬಮ್ಮಿಗೆ ಫೋಟೊ ಅಂಟಿಸಲು ಹೋದ ಹೊನವಾಡದ ಸುವರ್ಣಾ, ಎಡಿಟರುಗಳ ಹಿಂದೆ ನಿಂತು ನೋಡಿನೋಡಿಯೇ ಎಡಿಟಿಂಗ್ ಕಲಿತವರು. ಎಡಗಿವಿಯಲ್ಲಿ ಈಗ ಸದಾ ಒಂದು ಸಣ್ಣ ಗುಂಯ್ ಸದ್ದು. "ಅದಕ್ಕ ಯಾವ ಸೆಟ್ಟಿಂಗೂ ಇಲ್ರಿ," ಎಂದು ನಗುತ್ತಾರೆ.

ಆದರೆ ಪರದೆಯ ಮೂಲೆಯಲ್ಲಿರುವ 'ಅವ್ವ' ಎಂಬ ಫೈಲಿನ ಮಾತು ಬಂದರೆ ನಗು ನಿಲ್ಲುತ್ತದೆ.

ತಾಯಿ ಗೌರಾಬಾಯಿ ಸುತ್ತಲಿನ ಹಳ್ಳಿಗಳಲ್ಲಿ ಸೋಬಾನೆ ಹಾಡುತ್ತಿದ್ದವರು. ಅರಿಶಿಣ ಹಚ್ಚಬೇಕೆಂದರೆ ಮೊದಲು ಅವರ ಧ್ವನಿ ಏಳಬೇಕಿತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಮಾತೂ ಹೋಯಿತು, ಹಾಡೂ ಹೋಯಿತು. ಈಗ ಒಳಮನೆಯಲ್ಲಿ ಕೂತು ಎಡಗೈಯಲ್ಲಿ ಜೋಳ ಹಸನು ಮಾಡುತ್ತಾರೆ.

ಆ ಧ್ವನಿ ಎಷ್ಟು ವಿಡಿಯೊಗಳಲ್ಲಿ ಇರಬೇಕಿತ್ತು! ಒಂದರಲ್ಲೂ ಇಲ್ಲ. "ಮದುವಿ ವಿಡಿಯೋದಾಗ ಹೆಣ್ಮಕ್ಕಳ ಹಾಡ ಯಾರಿಗೂ ಬ್ಯಾಡಾಗಿತ್ರಿ. ಅದನ್ನ ಬಂದ್ ಮಾಡ್ರಿ, ಸಿನಿಮಾ ಹಾಡ ಹಾಕ್ರಿ ಅಂತಿದ್ರು. ನಾನೂ ಹಾಕ್ತಿದ್ನಿ. ಅವ್ವ ಹಾಡಿದ ಇಪ್ಪತ್ಮೂರ ಮದುವಿ ನಾನ ಎಡಿಟ್ ಮಾಡೀನಿ. ಆಕಿ ಬಾಯಿ ಆಡತೈತಿ, ಹಾಡ ಯಾರದೋ ಬರತೈತಿ."

ಡಿಸ್ಕಿನಲ್ಲಿ ಜಾಗ ಸಾಲದಾದಾಗ ಮೂಲ ಚಿತ್ರೀಕರಣವನ್ನೂ ಅಳಿಸಿದರು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆ ಸಮಾಧಾನ ಸುವರ್ಣಾಗೆ ಸಾಲುವುದಿಲ್ಲ. "ಇದ ಕೈಲೆ ಅಳಿಸೀನ್ರಿ," ಎನ್ನುತ್ತಾ ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ.

ಎರಡು ವರ್ಷ ಸ್ಟುಡಿಯೊ ಸ್ಟುಡಿಯೊ ಅಲೆದು, ಹಾಡಿಸಿಕೊಂಡ ಮನೆಗಳಿಗೆಲ್ಲ ಫೋನ್ ಹಚ್ಚಿದರೂ ಏನೂ ಸಿಗಲಿಲ್ಲ. ಹತ್ತೊಂಬತ್ತು ದಿನದ ಕೆಳಗೆ ಘೋಣಸಗಿಯ ಶಬನಮ ಒಂದು ಮೆಮೊರಿ ಕಾರ್ಡ್ ತಂದುಕೊಟ್ಟರು. ಗೆಳತಿಯ ಅರಿಶಿಣದ ದಿನ ಮೊಬೈಲಿನಲ್ಲಿ ಹಿಡಿದ ನಾಲ್ಕು ನಿಮಿಷದ ಹಾಡು. ಆ ಮೊಬೈಲು ಎಂದೋ ಕೆಟ್ಟುಹೋಗಿದೆ. ಸುವರ್ಣಾ ಅದನ್ನು ಕಂಪ್ಯೂಟರಿಗೆ ಹಾಕಿ, 'ಅವ್ವ' ಎಂದು ಹೆಸರಿಟ್ಟು, ಒಮ್ಮೆ ಕೇಳಿದರು. ಅವ್ವನ ಧ್ವನಿ ಮೂರು ಕಡೆ ಮುಗ್ಗರಿಸಿತು. ಎರಡನೇ ಸಲ ಹಚ್ಚಲಿಲ್ಲ.

"ಊರಿಗೆಲ್ಲಾ ಎರಡ ಸಲ ಹಚ್ಚಿ ನೋಡ್ರಿ ಅಂತೀನಿ. ನನಗ ಕೈ ಬರವಲ್ದು. ಅದ ಜಾಗಾದಾಗ ಕುಂಟಿದ್ರ? ಆಮ್ಯಾಲ ಹುಡುಕಾಕ ಏನ ಉಳೀತೈತ್ರಿ?"

ರಿಜ್ವಾನ ಚಹಾದ ಬಸಿ ಕೆಳಗಿಡುತ್ತಾರೆ. "ಅಕ್ಕಾರ, ಗಿರಣಿ ಚಾಲೂ ಆಗಾಕ ಇನ್ನ ಟೈಮ್ ಐತ್ರಿ."

ಸುವರ್ಣಾ ಎದ್ದುಹೋಗಿ ತಾಯಿಯನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ಹೆಡ್‌ಫೋನಿನ ವೈರು ಕಿತ್ತು ಸ್ಪೀಕರ್ ಹಾಕುತ್ತಾರೆ.

ಹಾಡು ಏಳುತ್ತದೆ. ಗೌರಾಬಾಯಿಯ ಎಡಗೈ ತೊಡೆಯ ಮೇಲೆ ತಾಳ ಹಿಡಿಯುತ್ತದೆ. ಸುವರ್ಣಾ ಹಾಡು ಕೇಳುತ್ತಿಲ್ಲ, ಸೆಕೆಂಡು ಎಣಿಸುತ್ತಿದ್ದಾರೆ. ಮೊದಲ ಸಲ ಮುಗ್ಗರಿಸಿದ ಮೊದಲನೇ ಜಾಗ ಬರುತ್ತದೆ, ಧ್ವನಿ ನೆಟ್ಟಗೆ ದಾಟುತ್ತದೆ. ಎರಡನೆಯದೂ ದಾಟುತ್ತದೆ. ಮೂರನೆಯದಕ್ಕೆ ಕಣ್ಣು ಮುಚ್ಚುತ್ತಾರೆ, ಅದೂ ದಾಟುತ್ತದೆ. ಮುಂದೆ, ಅಂದು ಸರಾಗವಾಗಿದ್ದ ಸಾಲಿನ ನಡುವೆ, ಧ್ವನಿ ಟಕಟಕನೆ ತುಂಡಾಗುತ್ತದೆ.

ಸುವರ್ಣಾ ಕಣ್ಣಲ್ಲಿ ನೀರು ತುಂಬಿಕೊಂಡು ಜೋರಾಗಿ ನಗುತ್ತಾರೆ. ಗೌರಾಬಾಯಿಯ ತಾಳ ನಿಲ್ಲುತ್ತದೆ. ತನ್ನ ಹಾಡು ಮುರಿದಾಗ ಮಗಳೇಕೆ ನಗುತ್ತಾಳೆಂದು ತಿಳಿಯದೆ ಮುಖ ನೋಡುತ್ತಾರೆ.

"ಬ್ಯಾರೆ ಕಡೆ ಕುಂಟ್ತು ಬೇ ಯವ್ವಾ," ಮಗಳು ಆ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, "ಬ್ಯಾರೆ ಕಡೆ ಕುಂಟ್ತು!"