ಗೊಂಬೆ ಎತ್ತಿಡುತ್ತಿದ್ದ ಅಜ್ಜಿ

ಎಂಬತ್ತರ ದಶಕದಲ್ಲಿ ನಾನು ಅಮೆರಿಕದ ಲಾಸ್ ಆಲ್ಟೋಸ್‌ನ ಒಂದು ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಕೆಲಸಕ್ಕಿದ್ದೆ. ಮಾರ್ಚಿನಲ್ಲಿ ಜಪಾನೀಯರ ಗೊಂಬೆ ಹಬ್ಬಕ್ಕೆಂದು ಒಂದು ಚಿತ್ರಪುಸ್ತಕ ತೆರೆದಿಟ್ಟಿದ್ದೆ. ಅದರ ಪುಟದಂಚಿನ ಕಾಗದದ ಪಟ್ಟಿ ಎಳೆದರೆ, ನಮ್ಮ ದಸರಾ ಗೊಂಬೆಗಳಿಗೆ ಕಟ್ಟುವಂಥವೇ ಮೆಟ್ಟಿಲುಗಳು ಎದ್ದು ನಿಲ್ಲುತ್ತಿದ್ದವು. ಕಾಗದದ ರಾಜ ರಾಣಿಗೆ ಮಕ್ಕಳೇ ಕಿಮೋನೊ ಉಡಿಸಿ ಮೇಲೆ ಕೂರಿಸಬಹುದಿತ್ತು.

ಹಬ್ಬ ಮುಗಿದ ಮೇಲೆ ದಿನಾ ಒಂದೇ ಕಥೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತಿತ್ತು, ಗೊಂಬೆಗಳು ಹಿಂದಿನ ರಟ್ಟಿನ ಜೇಬು ಸೇರಿರುತ್ತಿದ್ದವು. ಯಾರೋ ಕದಿಯೋಕೆ ಹೊಂಚು ಹಾಕ್ತಿದ್ದಾರೆ ಅಂತ ಅನುಮಾನ ಬಂತು. ದೊಡ್ಡ ಹ್ಯಾಂಡ್‌ಬ್ಯಾಗು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದ ಜಪಾನಿ ಅಜ್ಜಿಯ ಮೇಲೆ ಕಣ್ಣಿಟ್ಟೆ. ಒಂದು ದಿನ ಊಟಕ್ಕೆ ಹೋದ ಹಾಗೆ ಮಾಡಿ ಶೆಲ್ಫಿನ ಹಿಂದೆ ನಿಂತೆ. ರಾಣಿ ಗೊಂಬೆ ಅಜ್ಜಿಯ ಕೈಗೆ ಬಂದ ಕೂಡಲೇ ಎದುರಿಗೆ ಹೋದೆ.

"ಏನು ಮಾಡ್ತಾ ಇದ್ದೀರಿ?"

ಅಜ್ಜಿ ನನ್ನನ್ನೇ ಕಳ್ಳಿಯ ಹಾಗೆ ನೋಡಿದರು. "ಇದನ್ನ ಇಟ್ಟೋರು ನೀವಾ? ಹಬ್ಬ ಮುಗಿದ ಮೇಲೂ ಗೊಂಬೆ ಎತ್ತಿಡದಿದ್ರೆ ಹೆಣ್ಣುಮಕ್ಕಳ ಮದುವೆ ತಡವಾಗುತ್ತೆ."

"ಇವು ಬರೀ ಪೇಪರ್ ಗೊಂಬೆಗಳು."

"ನಿಮಗೆ ಮಗಳಿದ್ದಾಳಾ?"

"ಇದ್ದಾಳೆ. ಎರಡನೇ ಕ್ಲಾಸು."

"ಹಾಗಾದ್ರೆ ಇನ್ನೂ ಟೈಮಿದೆ," ಅಂದು ರಾಣಿಯನ್ನು ನನ್ನ ಕೈಗಿಟ್ಟು ಹೊರಟರು.

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೆ ದಸರೆಯಿಂದ ಫೈರ್‌ಪ್ಲೇಸ್ ಮೇಲೇ ನಿಂತಿದ್ದ ನಮ್ಮ ಪಟ್ಟದ ಗೊಂಬೆಗಳನ್ನು ಆ ಸಂಜೆಯೇ ಹಳೇ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. ಯಾಕೆ ಅಂತ ಕೇಳಿದ ಗಂಡನಿಗೆ, ಧೂಳು ಹಿಡಿಯುತ್ತೆ ಅಂದೆ.