ಕ್ಯಾಮೆರಾ ಹಿಂದಿನ ಪ್ರಶ್ನೆ

ಹೋದ ವಾರ ಲ್ಯಾಬಿನಲ್ಲಿ ಕಡಲೆಕಾಯಿ ಚೀಲವೊಂದರ ಬಾಯಿ ಬಿಚ್ಚಿದೆ. ಬೂಷ್ಟು ಹಿಡಿದ ಕಾಯಿಯ ಮುಗ್ಗಲು ವಾಸನೆ ರಪ್ಪೆಂದು ಮುಖಕ್ಕೆ ಬಡಿಯಿತು. ಜೊತೆಯವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ದೊಡ್ಡೇರಿಯ ನಮ್ಮ ಮನೆಯಂಗಳ, ಅಲ್ಲಿ ಕ್ಯಾಮೆರಾ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದ ಸ್ಟುಡಿಯೋ ಮಾವ ನೆನಪಾದರು...

ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಫೋಟೋ ಸ್ಟುಡಿಯೋ ಇತ್ತು. ನಮ್ಮ ಕಡೆಯ ಮದುವೆಗಳಿಗೆಲ್ಲ ವಿಡಿಯೋ ಅವರದೇ. ನೆಂಟರೇನಲ್ಲ. ಅಕ್ಕನ ಮದುವೆಯಲ್ಲಿ ನಮ್ಮ ಮನೆಯವರನ್ನೆಲ್ಲ ಗದರಿಸಿಕೊಂಡು ಓಡಾಡಿದ ಮೇಲೆ ಎಲ್ಲರಿಗೂ ಮಾವನಾದರು.

ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಸಂಶೋಧನೆಗೆ ದುಡ್ಡು ಎಲ್ಲಿಂದ ಬರುತ್ತದೆ, ಅದನ್ನು ಕೇಳುವುದು ಹೇಗೆ ಎಂದು ತಿಳಿಯಲು ಬೆಂಗಳೂರಿನ ಸಂಸ್ಥೆಯೊಂದಕ್ಕೆ ಕೆಲವು ದಿನ ಹೋಗಿದ್ದೆ. ದುಡ್ಡು ಕೊಡುವವರು ಅರ್ಜಿಯ ಜೊತೆ ಮೂರು ನಿಮಿಷದ ವಿಡಿಯೋವನ್ನೂ ಕೇಳುತ್ತಾರೆಂದು ಅಲ್ಲೇ ಗೊತ್ತಾದದ್ದು. ಮಾಡಬೇಕೆಂದಿರುವುದನ್ನು ಯಾರಿಗಾದರೂ ತಿಳಿಯುವಂತೆ ಹೇಳಬೇಕು, ಕನ್ನಡದಲ್ಲಾದರೂ ಸರಿ. ಅಭ್ಯಾಸಕ್ಕೆಂದು ನನ್ನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದರು. ತರಗತಿಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದವಳು ಅಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿ, ನಡುವೆ ಮರೆತು ನಿಂತುಬಿಟ್ಟೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಊರಿಗೆ ಬಂದು ಮಾವನ ಮುಂದೆ ಅತ್ತುಬಿಟ್ಟೆ. ಆ ಹಣ ಸಿಕ್ಕರೆ ಕಡಲೆಕಾಯಿಯ ಬೂಷ್ಟಿನ ಮೇಲೆ ನನ್ನ ಸಂಶೋಧನೆ ಶುರು. ಸಿಗದಿದ್ದರೆ ಅಲ್ಲಿಗೇ ಮುಗಿಯಿತು, ಬಿ.ಎಡ್. ಸೇರುವುದೊಂದೇ ದಾರಿ. ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ, ಅರ್ಜಿ ಕಳಿಸುವ ಕೊನೆಯ ದಿನ ಬೆಳಿಗ್ಗೆಯೇ ಕ್ಯಾಮೆರಾ ಹೊತ್ತು ದೊಡ್ಡೇರಿಗೆ ಬಂದರು.

ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಕಂಬದ ಹಾಗೆ ನಿಂತೆ. ಎರಡು ಸಲ ಹೇಳಿದೆ, ಎರಡು ಸಲವೂ ಜೀವವಿಲ್ಲದ ಮಾತು. ಮಾವ ತಲೆಯೆತ್ತಿದರು.

"ಹೆಣ್ಣು ನೋಡಾಕೆ ಬಂದೋರ ಮುಂದೆ ನಿಂತಂಗೆ ನಿಂತಿದ್ದೀಯಲ್ಲೇ ತಾಯಿ. ಕೂತ್ಕೋ. ಕೈಗೆ ಏನಾರ ಕೆಲ್ಸ ಕೊಡು, ಮಾತು ತಾನಾಗೇ ಬರ್ತದೆ."

ಮದುವೆಮನೆಯಲ್ಲಿ ನಾಚಿಕೊಳ್ಳುವವರಿಗೆಲ್ಲ ಅವರದು ಇದೇ ಮದ್ದು. ಹೂ ಕಟ್ಟಲೋ ಎಲೆ ಒರೆಸಲೋ ಕೂರಿಸಿ, ತಮ್ಮ ಪಾಡಿಗೆ ಶೂಟ್ ಮಾಡುತ್ತಿದ್ದರು. ಅಮ್ಮ ಮೊರದ ತುಂಬ ಕಡಲೆಕಾಯಿ ತಂದಿಟ್ಟಳು. ಸುಲಿಯುತ್ತ ಹೇಳತೊಡಗಿದೆ. ಕಾಯಿ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಬೂಷ್ಟು ಹೇಗೆ ಹತ್ತುತ್ತದೆ, ಅದರಲ್ಲಿ ಎಂಥ ವಿಷವಿರುತ್ತದೆ... ಕೈಗೆ ಸಿಕ್ಕಿದ ಕಪ್ಪು ಬೀಜವೊಂದನ್ನು ಎತ್ತಿ ತೋರಿಸಿದೆ. ಮಾವನಿಗೆ ತಡೆಯಲಾಗಲಿಲ್ಲ.

"ಅಲ್ಲ ಕಣಮ್ಮ, ನಾವು ಅದ್ನ ಉಜ್ಜಿ, ಹುರ್ಕಂಡು ತಿಂತೀವಲ್ಲ. ಬೆಂಕಿಗೆ ಬಿದ್ಮೇಲೆ ಇನ್ನೇನ್ ವಿಷ ಉಳೀತದೆ?"

ನನಗೆ ಕ್ಯಾಮೆರಾ ಇರುವುದೇ ಮರೆತುಹೋಯಿತು. "ಹುರಿದ್ರೂ ಹೋಗಲ್ಲ ಮಾವ," ಎಂದೆ. "ಲಿವರ್‌ಗೆ ಹೋಗಿ ಕೂತ್ಕಂತದೆ. ಬೂಷ್ಟು ಹತ್ತದಂಗೇ ಒಣಗ್ಸೋದು ಹೆಂಗೆ ಅಂತ ಕಂಡ್ಹಿಡೀಬೇಕು. ನಾನ್ ಮಾಡ್ಬೇಕು ಅಂತಿರೋದು ಅದೇ."

ನನ್ನ ಇಡೀ ಸಂಶೋಧನೆ ಇಷ್ಟೇ ಮಾತಿನಲ್ಲಿ ಮುಗಿಯುತ್ತದೆಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಸ್ಟುಡಿಯೋದಲ್ಲಿ ಹಾಕಿ ನೋಡಿದರೆ ನನ್ನ ದನಿಗಿಂತ ಮಾವನ ದನಿಯೇ ಜೋರು. ಮದುವೆ ವಿಡಿಯೋ ಮಾಡುವವರು ಶೂಟ್ ಮಾಡುವಾಗ ಬಾಯಿ ಮುಚ್ಚಿದ್ದೇ ಇಲ್ಲ, ಆಮೇಲೆ ಮೇಲೊಂದು ಹಾಡು ಹಾಕುತ್ತಾರಲ್ಲ. ಮಾವನ ಮುಖ ಸಪ್ಪಗಾಯಿತು. ಬೇಕಾದರೆ ಅಷ್ಟುದ್ದಕ್ಕೆ ನಾದಸ್ವರ ಹಾಕಿಕೊಡುತ್ತೇನೆ ಎಂದರು. ಮತ್ತೆ ಶೂಟ್ ಮಾಡಲು ಹೊತ್ತಿರಲಿಲ್ಲ. ಇದ್ದ ಹಾಗೇ ಕಳಿಸಿದೆವು.

ಕರೆ ಬಂತು. ಸಂದರ್ಶನದಲ್ಲಿ ಹಿರಿಯ ವಿಜ್ಞಾನಿಯೊಬ್ಬರು ಮೊದಲು ವಿಚಾರಿಸಿದ್ದೇ ಆ ದನಿ ಯಾರದು ಎಂದು. ತಾವು ಕೇಳಬೇಕೆಂದಿದ್ದುದನ್ನು ಅವರೇ ಕೇಳಿದ್ದಾರೆ, ನೀನು ಉತ್ತರವನ್ನೂ ಕೊಟ್ಟಿದ್ದೀಯ ಎಂದು ನಕ್ಕರು. ಹಣ ಮಂಜೂರಾಯಿತು! ಸುದ್ದಿ ಹೇಳಿದ ದಿನವೇ ಮಾವ ಅಂಗಡಿ ಮುಂದಿನ ಟಿವಿಯಲ್ಲಿ ಮದುವೆಗಳನ್ನೆಲ್ಲ ನಿಲ್ಲಿಸಿ ನನ್ನನ್ನು ಕೂರಿಸಿದರು. ಪಾವಗಡದ ಬಸ್ಸಿಗೆ, ಕೊರಟಗೆರೆಯ ಬಸ್ಸಿಗೆ ಕಾಯುವವರೆಲ್ಲ ಬೂಷ್ಟಿನ ಕಥೆ ಕೇಳಬೇಕಾಯಿತು. ಪ್ರಶ್ನೆ ಬರುವ ಹೊತ್ತಿಗೆ ಮಾವ ಹೊರಗೆ ಬಂದು, ಅದು ತಮ್ಮದೇ ದನಿ ಎಂದು ಬಿಡದೆ ಹೇಳುತ್ತಿದ್ದರಂತೆ. ಅವರ ಆ ಜಂಭ ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ.

ಇವತ್ತು ಬಡವನಹಳ್ಳಿಯಿಂದ ಕಳ್ಳಂಬೆಳ್ಳದವರೆಗೆ ಎಷ್ಟೋ ಮನೆಗಳಲ್ಲಿ ನಾವು ತೋರಿಸಿಕೊಟ್ಟ ಹಾಗೆ ಕಾಯಿ ಒಣಗಿಸುತ್ತಾರೆ. ಮಾವ ಹೋದ ವರ್ಷ ತೀರಿಕೊಂಡರು. ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ನಾನೀಗ ಕೆಲಸ ಮಾಡುವ ಸಂಸ್ಥೆಯವರು ಮೊನ್ನೆ ಆ ಹಳೆಯ ವಿಡಿಯೋವನ್ನು ಮತ್ತೆ ಹಾಕಬೇಕೆಂದರು. ಕ್ಯಾಮೆರಾ ಹಿಂದಿನ ಗಲಾಟೆಯನ್ನು ಈಗ ಒಂದು ನಿಮಿಷದಲ್ಲಿ ತೆಗೆಯಬಹುದಂತೆ. ನನಗೆ ಸಿಟ್ಟು ನೆತ್ತಿಗೇರಿತು. ಅದನ್ನು ಮುಟ್ಟಿದರೆ ಸರಿಯಿರುವುದಿಲ್ಲ ಎಂದೆ. ಪಾಪ, ಅವರಿಗೇನು ಗೊತ್ತು... ಮಾವನ ದನಿ ನನಗೆ ಉಳಿದಿರುವುದು ಅದೊಂದರಲ್ಲೇ. ಈಗ ನನ್ನೆದುರು ಒಳ್ಳೊಳ್ಳೆಯ ಕ್ಯಾಮೆರಾಗಳು ಬರುತ್ತವೆ, ಹಿಂದೆ ನಿಂತವರು ನಾನು ಮುಗಿಸುವವರೆಗೆ ಉಸಿರೆತ್ತುವುದಿಲ್ಲ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ.